ಎಡಗಡೆಯಿಂದ ಬಂದ ನೌಕೆ

ಕಂಪ್ಯೂಟರ್ ಆಟ ಎಂದೊಡನೆ ಆರೋಗ್ಯ ಅಂಕಣದಲ್ಲಿ ಏನು ಬರುತ್ತದೆಂದು ಓದುಗರಿಗೆ ಗೊತ್ತೇ ಇದೆ. ಕಣ್ಣು ಕೆಡುತ್ತದೆ, ಕೈ ನೋಯುತ್ತದೆ, ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರೆ. ಇವು ಸುಳ್ಳೇನಲ್ಲ. ಆದರೆ ಈ ವಾರ ಹೇಳಹೊರಟಿರುವುದು ಬೇರೆಯ ಸಂಗತಿ. ನಲವತ್ತು ವರ್ಷಕ್ಕೂ ಹಳೆಯದಾದ ಒಂದು ಆಟ ನನ್ನ ಅಣ್ಣನ ಮಿದುಳಿಗೆ ಬಿದ್ದಿದ್ದ ಪೆಟ್ಟನ್ನು, ವೈದ್ಯನಾದ ನನಗಿಂತ ಮೊದಲೇ ಪತ್ತೆ ಹಚ್ಚಿತು.

ಅಣ್ಣ 1977ರಲ್ಲಿ ಕೆಲಸಕ್ಕೆಂದು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋದವನು ಅಲ್ಲಿಯೇ ನೆಲೆಸಿದ. ಸ್ಯಾನ್ ಹೋಸೆಯಲ್ಲಿ ಮನೆ. ಅಲ್ಲಿಗೆ ಹತ್ತಿರದ ಸನಿವೇಲ್‌ನಲ್ಲಿದ್ದ ಅಟಾರಿ ಕಂಪನಿ 1979ರಲ್ಲಿ ‘ಅಟಾರಿ 800’ ಎಂಬ ಗೃಹ ಬಳಕೆಯ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಆರಂಭದಲ್ಲಿ ಅದರ ಬೆಲೆ ಹತ್ತಿರ ಹತ್ತಿರ ಸಾವಿರ ಡಾಲರು. ಎರಡು ವರ್ಷ ಹಣ ಕೂಡಿಟ್ಟು ಅಣ್ಣ ಅದನ್ನು ಕೊಂಡ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಸೋಫಾ ಬರುತ್ತಿತ್ತು ಎಂದು ಅತ್ತಿಗೆ ಇವತ್ತಿಗೂ ಹೇಳುತ್ತಾರೆ.

ಕಂಪ್ಯೂಟರಿನ ಮೇಲ್ಭಾಗದ ಮುಚ್ಚಳ ತೆಗೆದರೆ ಎರಡು ಗೂಡುಗಳು. ಎಡಗಡೆಯ ಗೂಡಿಗೆ ಕಾರ್ಟ್ರಿಜ್ ತುರುಕಿ ಮುಚ್ಚಳ ಹಾಕಿದರೆ ಆಟ ಸಿದ್ಧ. ಮುಚ್ಚಳ ತೆರೆದಿದ್ದರೆ ಯಂತ್ರಕ್ಕೆ ವಿದ್ಯುತ್ತೇ ಹರಿಯುವುದಿಲ್ಲ. ಅಣ್ಣನ ಬಳಿಯಿದ್ದ ಕಾರ್ಟ್ರಿಜ್ ‘ಸ್ಟಾರ್ ರೈಡರ್ಸ್’. ಡಗ್ ನ್ಯೂಬಾವರ್ ಎಂಬ ತಂತ್ರಜ್ಞ ಬರೆದದ್ದು. ಇಡೀ ಆಟ 8 ಕಿಲೋಬೈಟಿನೊಳಗೆ ಅಡಗಿದೆ. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಇದಕ್ಕಿಂತ ನೂರಾರು ಪಟ್ಟು ದೊಡ್ಡದು. ಅಮೆರಿಕದಲ್ಲಿ 2007ರಲ್ಲಿ, ಕಾಪಿಡಬೇಕಾದ ಹತ್ತು ಮಹತ್ವದ ಆಟಗಳ ಪಟ್ಟಿಯೊಂದನ್ನು ತಜ್ಞರು ಸಿದ್ಧಪಡಿಸಿದಾಗ ಅದರಲ್ಲಿ ಇದೂ ಸೇರಿತ್ತು.

ಆಟದಲ್ಲಿ ನೀವು ಒಂದು ಅಂತರಿಕ್ಷ ನೌಕೆಯ ಚಾಲಕ. ಟಿ.ವಿ. ಪರದೆಯೇ ನೌಕೆಯ ಮುಂಗಿಟಕಿ. ಚುಕ್ಕಿಗಳು ಎದುರಿನಿಂದ ಹರಿದು ಬಂದು ಪಕ್ಕಕ್ಕೆ ಸರಿದು ಹೋಗುತ್ತವೆ. ಜೈಲಾನ್ ಎಂಬ ಶತ್ರುಗಳ ನೌಕೆಗಳು ಎಡದಿಂದಲೋ ಬಲದಿಂದಲೋ ನುಗ್ಗುತ್ತವೆ. ಜಾಯ್‌ಸ್ಟಿಕ್ಕಿನಿಂದ ನೌಕೆಯನ್ನು ತಿರುಗಿಸಿ, ಕೆಂಪು ಗುಂಡಿ ಒತ್ತಿ ಅವನ್ನು ಉಡಾಯಿಸಬೇಕು. ಆದರೆ ಕೇವಲ ಗುಂಡು ಹಾರಿಸುವವನು ಇದರಲ್ಲಿ ಗೆಲ್ಲುವುದಿಲ್ಲ. ‘ಜಿ’ ಕೀಲಿ ಒತ್ತಿದರೆ ಇಡೀ ನಕ್ಷತ್ರಲೋಕದ ನಕ್ಷೆ ಮೂಡುತ್ತದೆ. ಅಡ್ಡಕ್ಕೆ 16, ಉದ್ದಕ್ಕೆ 8, ಒಟ್ಟು 128 ಚೌಕಗಳು. ಅಲ್ಲಲ್ಲಿ ನಮ್ಮ ಠಾಣೆಗಳು. ಶತ್ರುಪಡೆಗಳು ಚೌಕದಿಂದ ಚೌಕಕ್ಕೆ ಸರಿಯುತ್ತ ಒಂದೊಂದೇ ಠಾಣೆಯನ್ನು ಮುತ್ತುತ್ತವೆ. ಸಕಾಲಕ್ಕೆ ತಲುಪದಿದ್ದರೆ ಠಾಣೆ ನಾಶ. ಕೊನೆಯಲ್ಲಿ ಯಂತ್ರ ನಿಮಗೊಂದು ಪದವಿ ಕೊಡುತ್ತದೆ. ಗೆದ್ದು ಬಂದವನು ‘ಸ್ಟಾರ್ ಕಮಾಂಡರ್’. ತೀರಾ ಕಳಪೆಯಾಗಿ ಆಡಿದವನು ‘ಗಾರ್ಬೇಜ್ ಸ್ಕೌ ಕ್ಯಾಪ್ಟನ್’, ಅಂದರೆ ಕಸದ ದೋಣಿಯ ಕಪ್ತಾನ.

1985ರಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ ಮೇಲೆ ಮೂರು ತಿಂಗಳು ನಾನು ಅಣ್ಣನ ಮನೆಯಲ್ಲಿದ್ದೆ. ರಾತ್ರಿ ಊಟವಾದ ಮೇಲೆ ಇಬ್ಬರದೂ ಇದೇ ಕೆಲಸ. ಅಣ್ಣ ಹೆಚ್ಚುಕಡಿಮೆ ಪ್ರತಿಸಲವೂ ಕಮಾಂಡರ್. ನಾನು ಕಸದ ದೋಣಿ.

ಮತ್ತೆ ಅವನ ಮನೆಗೆ ಹೋದದ್ದು 2023ರ ಅಕ್ಟೋಬರಿನಲ್ಲಿ. ಅಣ್ಣನಿಗೆ 71, ನನಗೆ 63. ಒಂದು ಸಂಜೆ ಗ್ಯಾರೇಜಿನ ಅಟ್ಟದಿಂದ ಆ ಕಂಪ್ಯೂಟರನ್ನೂ ಡಬ್ಬಿಯಂತಹ ಹಳೆಯ ಟಿ.ವಿ.ಯನ್ನೂ ಇಳಿಸಿದೆವು. ಧೂಳು ಒರೆಸಿ, ತಂತಿ ಸಿಕ್ಕಿಸಿ, ಟಿ.ವಿ.ಯನ್ನು 3ನೇ ಚಾನಲಿಗೆ ತಿರುಗಿಸಿದರೆ ಅದೇ ಕಪ್ಪು ಆಕಾಶ, ಅದೇ ಚುಕ್ಕಿಗಳು. ನನಗಂತೂ ಮೈ ಜುಮ್ಮೆಂದಿತು.

ಮೊದಲು ನಾನು ಆಡಿದೆ. ವಯಸ್ಸಿನ ಲೆಕ್ಕವೆಲ್ಲ ಹತ್ತು ನಿಮಿಷದಲ್ಲಿ ಸಿಕ್ಕಿತು. ಶಕ್ತಿಯ ಪ್ರಮಾಣ ತೋರಿಸುವ ಅಂಕಿಗಳು ಓದುವ ಕನ್ನಡಕವಿಲ್ಲದೆ ಕಾಣವು, ಹಾಕಿಕೊಂಡರೆ ದೂರದ ಟಿ.ವಿ. ಮಸುಕು. ನೌಕೆ ಕಂಡದ್ದಕ್ಕೂ ಬೆರಳು ಒತ್ತಿದ್ದಕ್ಕೂ ನಡುವೆ ಹಿಂದೆ ಇಲ್ಲದಿದ್ದ ಒಂದು ಬಿಡುವು. ಈ ಜಾಯ್‌ಸ್ಟಿಕ್ಕಿನ ಗುಂಡಿ ಇರುವುದು ಎಡ ಮೂಲೆಯಲ್ಲಿ; ಎಡ ಹೆಬ್ಬೆರಳಿನಿಂದಲೇ ಒತ್ತಬೇಕು. ನನ್ನ ಹೆಬ್ಬೆರಳಿನ ಬುಡದಲ್ಲಿ ಸಂಧಿ ಸವೆದಿರುವುದು ನೆನಪಾಯಿತು. ಇಂತಹ ನೋವು ಹೊಸದೇನಲ್ಲ. ‘ಸ್ಪೇಸ್ ಇನ್‌ವೇಡರ್ಸ್’ ಆಡಿ ಮಣಿಕಟ್ಟು ಹಿಡಿದುಕೊಂಡ ಪ್ರಸಂಗ 1981ರಷ್ಟು ಹಿಂದೆಯೇ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಕಣ್ಣೂ ಉರಿಯತೊಡಗಿತು. ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ ಸರಾಸರಿ 22 ಸಲ ರೆಪ್ಪೆ ಬಡಿದರೆ, ಪುಸ್ತಕ ಓದುವಾಗ 10, ಕಂಪ್ಯೂಟರ್ ಪರದೆಯ ಮುಂದೆ 7 ಎಂದು ಜಪಾನಿನ ವೈದ್ಯರು 1993ರಲ್ಲಿ ಎಣಿಸಿ ಹೇಳಿದ್ದರು. ರೆಪ್ಪೆ ಬಡಿಯದಿದ್ದರೆ ಕಣ್ಣೀರಿನ ಪದರ ಆರುತ್ತದೆ. ತಮಾಷೆಯೆಂದರೆ, ಈ ಅಟಾರಿ ಯಂತ್ರದಲ್ಲಿ ಸುಮಾರು ಒಂಬತ್ತು ನಿಮಿಷ ಕೀಲಿ ಮುಟ್ಟದಿದ್ದರೆ ಬಣ್ಣಗಳು ತಾವಾಗಿಯೇ ಮಬ್ಬಾಗಿ ಬದಲಾಗುವ ಏರ್ಪಾಡಿದೆ. ಒಂದೇ ಚಿತ್ರ ನಿಂತು ಪರದೆ ಸುಟ್ಟುಹೋಗದಿರಲೆಂದು. ಟಿ.ವಿ.ಯ ಮೇಲೆ ಇದ್ದ ಕಾಳಜಿ ಅದನ್ನು ನೋಡುವವನ ಕಣ್ಣಿನ ಮೇಲೆ ಇರಲಿಲ್ಲ.

ಆಮೇಲೆ ಅಣ್ಣ ಕುಳಿತ. ಸೀದಾ ಮುಂದೆ ಬಂದ ನೌಕೆಯನ್ನು ಒಂದೇ ಏಟಿಗೆ ಹೊಡೆದ. ಬಲಗಡೆಯಿಂದ ಬಂದದ್ದನ್ನೂ ಬಿಡಲಿಲ್ಲ. ಕೈ ಪಳಗಿದ್ದು ಪಳಗಿದ್ದೇ ಎಂದುಕೊಂಡೆ. ಅಷ್ಟರಲ್ಲಿ ಎಡಗಡೆಯಿಂದ ಒಂದು ನೌಕೆ ಬಂದಿತು. ಅಣ್ಣ ಅಲುಗಲಿಲ್ಲ. ಅದು ಹೊಡೆಯಿತು, ಪರದೆ ಮಿಂಚಿತು.

“ಇದೆಲ್ಲಿಂದ ಬಂತೋ?” ಎಂದ.

ಎರಡನೆಯದೂ ಹಾಗೆಯೇ. ಮೂರನೆಯದೂ ಹಾಗೆಯೇ. “ಟಿ.ವಿ. ಎಡಗಡೆ ಸತ್ತುಹೋಗಿದೆ ಕಣೋ. ಹಳೇದು, ಇನ್ನೇನಾಗತ್ತೆ” ಎಂದು ಪೆಟ್ಟಿಗೆಯ ಪಕ್ಕಕ್ಕೆ ತಟ್ಟಿದ. ನನಗೆ ಎಡಗಡೆಯ ಚುಕ್ಕಿಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು.

ನಕ್ಷೆ ತೆರೆದ. ಎಡ ತುದಿಯ ಠಾಣೆಯೊಂದನ್ನು ಶತ್ರುಗಳು ಮುತ್ತಿದ್ದರು. ಎಚ್ಚರಿಕೆಯ ಸಾಲೂ ಬಂತು. ಅಣ್ಣ ಬಲಗಡೆಯ ಚೌಕಗಳಲ್ಲೇ ಗುರುತನ್ನು ಓಡಿಸುತ್ತಿದ್ದ.

“ಅಣ್ಣ, ಆ ಎಡಗಡೆ ಠಾಣೆ ಹೋಗತ್ತೆ ನೋಡು.”

“ಯಾವ ಠಾಣೆ? ಅಲ್ಲೇನೂ ಇಲ್ಲವಲ್ಲ.”

ಆಟ ನಿಲ್ಲಿಸಿದೆ. ಅವನ ಎದುರು ಒಂದು ಮಾರು ದೂರದಲ್ಲಿ ಕುರ್ಚಿ ಎಳೆದುಕೊಂಡು ಕುಳಿತೆ. ಒಂದು ಕಣ್ಣು ಮುಚ್ಚಿಸಿ, ನನ್ನ ಮೂಗನ್ನೇ ನೋಡು ಎಂದು ಹೇಳಿ, ಪಕ್ಕದಿಂದ ಬೆರಳು ಆಡಿಸುತ್ತ ತಂದೆ. ಬಲಗಡೆಯ ಬೆರಳು ಕೂಡಲೇ ಕಂಡಿತು. ಎಡಗಡೆಯದು ಮೂಗಿನ ನೇರಕ್ಕೆ ಬರುವ ತನಕ ಕಾಣಲಿಲ್ಲ. ಇನ್ನೊಂದು ಕಣ್ಣು ಮುಚ್ಚಿಸಿದೆ. ಅದೇ ಕಥೆ.

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಆಗಸ್ಟಿನಲ್ಲಿ ಒಂದು ದಿನ ತಲೆನೋವು, ತಲೆಸುತ್ತು ಅಂತ ಮಧ್ಯಾಹ್ನದ ತನಕ ಮಲಗಿಬಿಟ್ಟಿದ್ದರು. ಆಮೇಲಿಂದ ಬಾಗಿಲಿಗೆ ಎಡಭುಜ ತಾಗಿಸಿಕೊಳ್ಳುತ್ತಲೇ ಇದಾರೆ. ಕಾರಿನ ಎಡಗಡೆ ಕನ್ನಡಿ ಗ್ಯಾರೇಜಿಗೆ ಉಜ್ಜಿತು. ವಯಸ್ಸಾಯಿತು ಅಂದುಕೊಂಡೆ” ಎಂದರು. ನಾನು ಆ ಮನೆಗೆ ಬಂದು ಹನ್ನೆರಡು ದಿನವಾಗಿತ್ತು. ಅವನು ಬಾಗಿಲಿಗೆ ತಾಗುವುದನ್ನು ನಾನೂ ಎರಡು ಸಲ ನೋಡಿದ್ದೆ, ನೋಡಿ ನಕ್ಕಿದ್ದೆ. ಮೂವತ್ತೈದು ವರ್ಷಕ್ಕೂ ಹೆಚ್ಚು ವೈದ್ಯವೃತ್ತಿ ನಡೆಸಿದವನು ಹೀಗೆ ನಕ್ಕದ್ದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ.

ಎರಡೂ ಕಣ್ಣಿಗೆ ಒಂದೇ ಅರ್ಧ ಏಕೆ?

ನಮ್ಮ ಎಡಗಡೆ ಇರುವ ದೃಶ್ಯವನ್ನು ಎಡಗಣ್ಣು ಮಾತ್ರ ನೋಡುತ್ತದೆ ಎಂದು ಹಲವರ ತಿಳಿವಳಿಕೆ. ಹಾಗಲ್ಲ. ಪ್ರತಿಯೊಂದು ಕಣ್ಣೂ ಎಡ, ಬಲ ಎರಡೂ ಬದಿಯನ್ನು ನೋಡುತ್ತದೆ. ಎರಡೂ ಕಣ್ಣುಗಳಿಂದ ಎಡಬದಿಯ ಸುದ್ದಿ ನರಗಳ ಮೂಲಕ ಮಿದುಳಿನ ಬಲ ಹಿಂಭಾಗಕ್ಕೆ ಹೋಗುತ್ತದೆ, ಬಲಬದಿಯ ಸುದ್ದಿ ಎಡ ಹಿಂಭಾಗಕ್ಕೆ. ಹಿಂತಲೆಯ ಆ ಭಾಗಕ್ಕೆ ಹೋಗುವ ರಕ್ತನಾಳ ಕಟ್ಟಿಕೊಂಡರೆ ಕಣ್ಣುಗಳು ಚೆನ್ನಾಗಿದ್ದರೂ ಎರಡರಲ್ಲೂ ಒಂದೇ ಬದಿಯ ಅರ್ಧ ಅಳಿಸಿಹೋಗುತ್ತದೆ. ಇದೂ ಪಾರ್ಶ್ವವಾಯುವೇ. ಕೈಕಾಲು ಬೀಳುವುದಿಲ್ಲ, ಬಾಯಿ ಸೊಟ್ಟಗಾಗುವುದಿಲ್ಲ, ಮಾತು ತೊದಲದೆಯೂ ಇರಬಹುದು. ಆದ್ದರಿಂದಲೇ ಮನೆಯವರಿಗೆ ತಿಳಿಯುವುದಿಲ್ಲ.

ರೋಗಿಗೂ ತಿಳಿಯದಿರುವುದುಂಟು. ಕಳೆದುಹೋದ ಅರ್ಧ ಕಪ್ಪಗೆ ಪರದೆ ಎಳೆದಂತೆ ಕಾಣುವುದಿಲ್ಲ. ನಮ್ಮ ತಲೆಯ ಹಿಂದೆ ಇರುವುದು ನಮಗೆ ಹೇಗೆ ‘ಕಪ್ಪಗೆ’ ಕಾಣುವುದಿಲ್ಲವೋ ಹಾಗೆ. ಇಲ್ಲದ್ದು ಇಲ್ಲವೆಂದೇ ಗೊತ್ತಾಗುವುದಿಲ್ಲ. ಅಕ್ಷರಗಳ ಫಲಕ ಓದಿಸಿ ಕನ್ನಡಕದ ನಂಬರ್ ನೋಡುವ ಪರೀಕ್ಷೆಯಲ್ಲಿಯೂ ಇದು ತಪ್ಪಿಸಿಕೊಳ್ಳಬಹುದು, ಏಕೆಂದರೆ ನೇರ ನೋಟ ಚುರುಕಾಗಿಯೇ ಇರುತ್ತದೆ. ಅಣ್ಣ ಸೆಪ್ಟೆಂಬರಿನಲ್ಲಿ ಹೊಸ ಕನ್ನಡಕ ಮಾಡಿಸಿಕೊಂಡಿದ್ದ. ಆದರೂ ಪತ್ರಿಕೆ ಓದುವುದನ್ನು ಬಿಟ್ಟುಬಿಟ್ಟಿದ್ದ. ಒಂದು ಸಾಲು ಮುಗಿದ ಮೇಲೆ ಮುಂದಿನ ಸಾಲಿನ ಮೊದಲಕ್ಷರ ಎಲ್ಲಿದೆಯೆಂದು ಸಿಗುತ್ತಿರಲಿಲ್ಲವಂತೆ. ಕನ್ನಡವೂ ಇಂಗ್ಲಿಷೂ ಎಡದಿಂದ ಶುರುವಾಗುವ ಬರವಣಿಗೆಗಳು. ಎಡ ಹೋದವನಿಗೆ ಸಾಲಿನ ಬಾಗಿಲೇ ಹೋದಂತೆ.

ಹಾಗಾದರೆ ಆಟದಲ್ಲಿ ಏಕೆ ಸಿಕ್ಕಿಬಿದ್ದ? ದಿನನಿತ್ಯದ ಬದುಕಿನಲ್ಲಿ ನಾವು ತಲೆ ತಿರುಗಿಸುತ್ತೇವೆ, ಅಭ್ಯಾಸಬಲದಿಂದ ನಡೆಯುತ್ತೇವೆ, ಎಡವಿದರೆ ನೆವ ಹೇಳುತ್ತೇವೆ. ಈ ಆಟದಲ್ಲಿ ಕಣ್ಣು ನಡುವಿನ ಗುರಿಚಿಹ್ನೆಗೆ ಅಂಟಿಕೊಂಡಿರುತ್ತದೆ, ನೌಕೆಗಳು ಎರಡೂ ಬದಿಯಿಂದ ಬರುತ್ತಲೇ ಇರುತ್ತವೆ. ದೃಷ್ಟಿಕ್ಷೇತ್ರ ಅಳೆಯುವ ಆಸ್ಪತ್ರೆಯ ಯಂತ್ರದಲ್ಲೂ ಸುಮಾರಾಗಿ ಇದೇ ಕೆಲಸ: ನಡುವೆ ದಿಟ್ಟಿಸಿ, ಸುತ್ತ ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತಬೇಕು. ಇನ್ನೊಂದು ಮಾತು. ಆ ಯಂತ್ರವೂ ಕಾರ್ಟ್ರಿಜ್ಜೂ 1981ರಲ್ಲಿ ಹೇಗಿದ್ದವೋ ಹಾಗೆಯೇ ಇವೆ. ನೌಕೆಗಳ ವೇಗ ಕೂದಲೆಳೆಯಷ್ಟೂ ಬದಲಾಗಿಲ್ಲ. ಬದಲಾದದ್ದು ಜಾಯ್‌ಸ್ಟಿಕ್ ಹಿಡಿದವರು.

ಆ ರಾತ್ರಿಯೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದೆವು. ಎಂ.ಆರ್.ಐ. ಸ್ಕ್ಯಾನಿನಲ್ಲಿ ಮಿದುಳಿನ ಬಲ ಹಿಂಭಾಗದಲ್ಲಿ ಹಳೆಯ ಗಾಯ ಕಂಡಿತು. ಅದಕ್ಕಿಂತ ಮುಖ್ಯವಾದದ್ದು ಎದೆಯಲ್ಲಿತ್ತು. ಹೃದಯದ ಮೇಲಿನ ಕೋಣೆಗಳು ಆಗಾಗ ಲಯ ತಪ್ಪಿ ಅದುರುತ್ತಿದ್ದವು. ಹಾಗೆ ಅದುರುವಾಗ ಒಳಗೆ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಜಾರಿ ಮಿದುಳಿಗೆ ಹೋಗುತ್ತದೆ. ಈ ತೊಂದರೆ ಇರುವವರಲ್ಲಿ ಪಾರ್ಶ್ವವಾಯುವಿನ ಸಂಭವ ಸುಮಾರು ಐದು ಪಟ್ಟು ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಶುರುವಾಯಿತು. ಕಾರು ಓಡಿಸುವುದು ಬಂದ್. ಅಲ್ಲಿ ರಸ್ತೆಯ ಬಲಗಡೆ ಕಾರು ಓಡಿಸುತ್ತಾರೆ, ಎದುರಿನ ವಾಹನಗಳು ಬರುವುದು ಎಡಗಡೆಯಿಂದ. ಎರಡು ತಿಂಗಳು ಅವನು ಹಾಗೆಯೇ ಓಡಿಸಿದ್ದ. ಮೊಮ್ಮಗಳನ್ನು ಶಾಲೆಗೂ ಬಿಟ್ಟುಬರುತ್ತಿದ್ದ.

ಮನೆಯಲ್ಲಿ ಏನನ್ನು ಗಮನಿಸಬೇಕು

ಯಾರೂ ಅಟಾರಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಆಟ ರೋಗಪರೀಕ್ಷೆಯಲ್ಲ, ಆಟದಲ್ಲಿ ಸೋತವರಿಗೆಲ್ಲ ಪಾರ್ಶ್ವವಾಯುವೂ ಅಲ್ಲ. ಆದರೆ ಮನೆಯ ಹಿರಿಯರು ಯಾವಾಗಲೂ ಒಂದೇ ಬದಿಯ ಬಾಗಿಲಿಗೆ, ಮೇಜಿಗೆ ತಾಗುತ್ತಿದ್ದರೆ, ಓದುವಾಗ ಸಾಲಿನ ಆರಂಭವನ್ನೋ ಕೊನೆಯನ್ನೋ ಬಿಡುತ್ತಿದ್ದರೆ, ಆ ಬದಿಯಿಂದ ಹೋದವರನ್ನು ಕಂಡು ಬೆಚ್ಚುತ್ತಿದ್ದರೆ, ‘ವಯಸ್ಸು’ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ. ಮಣಿಕಟ್ಟಿನ ನಾಡಿ ಮುಟ್ಟಿ ನೋಡಿ; ಬಡಿತಗಳ ನಡುವಿನ ಅಂತರ ಒಂದೊಂದು ಸಲ ಒಂದೊಂದು ರೀತಿ ಇದ್ದರೆ ಇ.ಸಿ.ಜಿ. ಮಾಡಿಸಬೇಕು. ದೃಷ್ಟಿಯ ಒಂದು ಬದಿ ಇದ್ದಕ್ಕಿದ್ದಂತೆ ಹೋದರೆ ಮಾತ್ರ ಕನ್ನಡಕದ ಅಂಗಡಿಗೂ ಬೇಡ, ಮಲಗಿ ಎದ್ದರೆ ಸರಿಹೋಗುತ್ತದೆ ಎಂಬ ಕಾಯುವಿಕೆಯೂ ಬೇಡ. 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಣ್ಣ ಆಗಸ್ಟಿನ ಆ ಬೆಳಿಗ್ಗೆಯನ್ನು ಮಲಗಿಯೇ ಕಳೆದ.

ಆಟ ಆಡಿದರೆ ಹೋದ ದೃಷ್ಟಿ ಮರಳುತ್ತದೆಯೇ ಎಂದು ಅತ್ತಿಗೆ ಕೇಳಿದರು. ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿಗಳು ತಾವೇ ರೂಪಿಸಿದ ಆಟವೊಂದನ್ನು 60ರಿಂದ 85 ವರ್ಷದವರಿಗೆ ಆಡಿಸಿ, ಏಕಕಾಲಕ್ಕೆ ಎರಡು ಕೆಲಸಕ್ಕೆ ಗಮನ ಕೊಡುವ ಶಕ್ತಿ ಸುಧಾರಿಸಿತೆಂದು 2013ರಲ್ಲಿ ವರದಿ ಮಾಡಿದ್ದು ನಿಜ. ಅದು ಗಮನದ ಮಾತು. ಮಿದುಳಿನ ಪೆಟ್ಟಿನಿಂದ ಹೋದ ಅರ್ಧ ದೃಷ್ಟಿ ಮರಳುವುದಿದ್ದರೆ ಬಹುಪಾಲು ಮೊದಲ ಮೂರು ತಿಂಗಳಲ್ಲೇ, ಆಮೇಲೆ ಅಷ್ಟಿಷ್ಟು. ಕಲಿಯಬಹುದಾದದ್ದು ಬೇರೆ: ಕಣ್ಣನ್ನೂ ತಲೆಯನ್ನೂ ಬೇಕೆಂದೇ ಕುರುಡು ಬದಿಗೆ ತಿರುಗಿಸಿ ತಡಕುವುದು. ಅಣ್ಣನಿಗೆ ಅಲ್ಲಿನ ಚಿಕಿತ್ಸಕರು ಅದನ್ನೇ ಕಲಿಸಿದರು. ಓದುವಾಗ ಪುಟದ ಎಡ ಅಂಚಿಗೆ ಕೆಂಪು ಪಟ್ಟಿ ಇಟ್ಟುಕೊಂಡು, ಪಟ್ಟಿ ಕಾಣುವ ತನಕ ಕಣ್ಣು ಹಿಂದಕ್ಕೆ ತರಬೇಕು. ಕಾಣದಿದ್ದರೆ ಸಾಲು ಇನ್ನೂ ಶುರುವಾಗಿಲ್ಲವೆಂದು ಅರ್ಥ.

ಹೋದ ಯುಗಾದಿಗೆ ಫೋನು ಮಾಡಿದ್ದ. ಪತ್ರಿಕೆ ಮತ್ತೆ ಓದುತ್ತಿದ್ದಾನೆ, ನಿಧಾನವಾಗಿ. ಹಳೆಯ ಟಿ.ವಿ.ಯ ಎಡ ಅಂಚಿಗೂ ಅತ್ತಿಗೆ ಒಂದು ಕೆಂಪು ಟೇಪು ಅಂಟಿಸಿಕೊಟ್ಟಿದ್ದಾರೆ. “ಈ ಸಲ ಎಡಗಡೆ ಠಾಣೆ ಉಳಿಸಿದೆ ಕಣೋ” ಎಂದ. ಪದವಿ ಯಾವುದು ಬಂತು ಎಂದು ಕೇಳಿದೆ. ಆ ಕಡೆ ಫೋನನ್ನು ಅತ್ತಿಗೆ ಕಸಿದುಕೊಂಡು, “ಕಸದ ದೋಣಿ” ಎಂದರು.