ಕಂಪೈಲರ್ ಮತ್ತು ಲೈಬ್ರರಿಯ ರೂಪಭೇದಗಳು: ಆಯ್ಕೆಯ ತತ್ತ್ವ

ಗಣಕ ಕ್ಷೇತ್ರದ ಪಾರಿಭಾಷಿಕ ಪದಗಳನ್ನು ಕನ್ನಡಕ್ಕೆ ತರುವಾಗ ಪದಕ್ಕೆ ಪದ ಹೊಂದಿಸಿದರೆ ಸಾಲದು. ಪದದ ಹಿಂದಿನ ಕ್ರಿಯೆಯ ಅರಿವೂ ಅಗತ್ಯ. ಲೈಬ್ರರಿಯ ಭಿನ್ನ ರೂಪಗಳನ್ನು ‘ಪಾಠಾಂತರ’ಗಳೆಂದು ಕರೆಯಬಹುದೇ ಎಂಬ ಪ್ರಶ್ನೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಪರಿವರ್ತಿಸುವ ತಂತ್ರಾಂಶವೇ ಕಂಪೈಲರ್. ಪದೇ ಪದೇ ಬೇಕಾಗುವ ಕೆಲಸಗಳಿಗಾಗಿ ಮೊದಲೇ ಪರಿವರ್ತಿಸಿಟ್ಟ ಭಾಗಗಳ ಸಂಗ್ರಹ ಲೈಬ್ರರಿ. ಇವೆರಡನ್ನೂ ಕೂಡಿಸುವುದು ಲಿಂಕರಿನ ಕೆಲಸ. ಒಂದೇ ಮೂಲದಿಂದ ಹುಟ್ಟಿದ ಲೈಬ್ರರಿಗೆ ಹಲವು ರೂಪಗಳು ಬೇಕಾಗುವುದಕ್ಕೆ ಆರ್ಮ್ ಪ್ರೊಸೆಸರುಗಳು ಉತ್ತಮ ನಿದರ್ಶನ. ಕಾರ್ಟೆಕ್ಸ್-ಎಂ0 ಪ್ರೊಸೆಸರಿನಲ್ಲಿ ದಶಮಾಂಶ ಸಂಖ್ಯೆಗಳ ಗಣನೆಗೆ ಪ್ರತ್ಯೇಕ ಘಟಕವಿಲ್ಲ. ಕಾರ್ಟೆಕ್ಸ್-ಎಂ4ರಲ್ಲಿ ಅದನ್ನು ಅಳವಡಿಸಿಕೊಳ್ಳಬಹುದು. ‘ಹಾರ್ಡ್’ ಪದ್ಧತಿಯಲ್ಲಿ ಇಂತಹ ಸಂಖ್ಯೆಗಳು ಆ ಘಟಕದ ರಿಜಿಸ್ಟರುಗಳ ಮೂಲಕ ಸಾಗುತ್ತವೆ. ‘ಸಾಫ್ಟ್’ ಪದ್ಧತಿಯಲ್ಲಿ ಸಾಮಾನ್ಯ ರಿಜಿಸ್ಟರುಗಳ ಮೂಲಕ. ಪ್ರೋಗ್ರಾಮು ಒಂದೆಡೆ ಇಟ್ಟ ಸಂಖ್ಯೆಯನ್ನು ಲೈಬ್ರರಿ ಇನ್ನೊಂದೆಡೆ ಹುಡುಕಿದರೆ ಲೆಕ್ಕವೇ ತಪ್ಪುತ್ತದೆ.

ಈ ಅಪಾಯವನ್ನು ತಪ್ಪಿಸಲು ಜಿಸಿಸಿ ಕಂಪೈಲರಿನಲ್ಲಿ ‘ಮಲ್ಟಿಲಿಬ್’ ಎಂಬ ವ್ಯವಸ್ಥೆಯಿದೆ. ಕಂಪೈಲರನ್ನು ನಿರ್ಮಿಸುವಾಗಲೇ ರೂಪಗಳ ಪಟ್ಟಿ ನಿಶ್ಚಯವಾಗಿ, ಪ್ರತಿಯೊಂದಕ್ಕೂ ಒಂದು ಡೈರೆಕ್ಟರಿ ಗೊತ್ತಾಗಿರುತ್ತದೆ. ಬಳಕೆದಾರನು ಕೊಟ್ಟ ಸೂಚನೆಗಳನ್ನು ಪಟ್ಟಿಯೊಡನೆ ಹೋಲಿಸಿ ಕಂಪೈಲರ್ ತಕ್ಕ ಡೈರೆಕ್ಟರಿಯನ್ನು ಆರಿಸುತ್ತದೆ. ಹೊಂದಿಕೆ ದೊರೆಯದಿದ್ದರೆ ಪೂರ್ವನಿಶ್ಚಿತ ರೂಪವನ್ನೇ ಹಿಡಿಯುತ್ತದೆ. 2023ರಲ್ಲಿ ಬಿಡುಗಡೆಯಾದ ಎಲ್‌ಎಲ್‌ವಿಎಂ 17ನೆಯ ಆವೃತ್ತಿಯಿಂದ ಕ್ಲ್ಯಾಂಗ್ ಕಂಪೈಲರಿಗೆ ಈ ಪಟ್ಟಿಯನ್ನು ಪ್ರತ್ಯೇಕ ಪಠ್ಯಕಡತವಾಗಿ ಒದಗಿಸಬಹುದಾಗಿದೆ. ಅಲ್ಲಿ ಹಲವು ರೂಪಗಳು ಹೊಂದಿದರೆ ಪಟ್ಟಿಯಲ್ಲಿ ಕೊನೆಗೆ ಬಂದುದಕ್ಕೆ ಆದ್ಯತೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕಂಪೈಲರ್ ಲೈಬ್ರರಿಯ ಒಳಗನ್ನು ಓದಿ ತೀರ್ಮಾನಿಸುವುದಿಲ್ಲ. ಘೋಷಿತ ಲಕ್ಷಣಗಳನ್ನಷ್ಟೇ ಹೋಲಿಸುತ್ತದೆ. ಪಟ್ಟಿ ತಪ್ಪಿದರೆ ಆಯ್ಕೆಯೂ ತಪ್ಪುತ್ತದೆ. ಹಾರ್ಡ್-ಸಾಫ್ಟ್ ಭೇದದಂತಹ ಕೆಲವನ್ನು ಕಡತಗಳಲ್ಲಿರುವ ಗುರುತುಗಳ ನೆರವಿನಿಂದ ಲಿಂಕರ್ ಪತ್ತೆಹಚ್ಚಿ ಜೋಡಣೆಯನ್ನು ನಿರಾಕರಿಸುತ್ತದೆ. ಅಂತಹ ಗುರುತಿಲ್ಲದ ಭೇದಗಳು ಪ್ರೋಗ್ರಾಮು ನಡೆಯುವಾಗಲಷ್ಟೇ ಬಯಲಾಗುತ್ತವೆ.

ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ತೂಗಿನೋಡುವುದು ಮೂಲಪಾಠಕ್ಕೆ ಹತ್ತಿರವಾದುದನ್ನು ಅರಸುವುದಕ್ಕಾಗಿ. ಲೈಬ್ರರಿಯ ರೂಪಗಳಲ್ಲಿ ಅಧಿಕೃತ, ಅನಧಿಕೃತ ಎಂಬ ತಾರತಮ್ಯವಿಲ್ಲ. ‘ಮನೆಗೆ’, ‘ಮರಕ್ಕೆ’, ‘ಊರಿಗೆ’ ಎಂಬಲ್ಲಿ ಚತುರ್ಥಿ ವಿಭಕ್ತಿ ಒಂದೇ ಆದರೂ ಪ್ರಕೃತಿಗೆ ತಕ್ಕಂತೆ ಪ್ರತ್ಯಯದ ರೂಪ ಬದಲಾಗುವಂತೆ, ಇಲ್ಲಿಯೂ ಪರಿಸರವೇ ರೂಪವನ್ನು ನಿರ್ಧರಿಸುತ್ತದೆ. ಆದರೆ ‘ಮರಗೆ’ ಎಂದೊಡನೆ ಕನ್ನಡಿಗರ ಕಿವಿ ಎಚ್ಚರಗೊಳ್ಳುತ್ತದೆ. ಯಂತ್ರಕ್ಕೆ ಅಂತಹ ಕಿವಿಯಿಲ್ಲ. ಆದ್ದರಿಂದ ‘ಪಾಠಾಂತರ’ಕ್ಕಿಂತ ‘ರೂಪಭೇದ’ ಎಂಬ ಪದವೇ ಇಲ್ಲಿ ಹೆಚ್ಚು ಸಮರ್ಪಕವೆನ್ನಬಹುದು.