‘ಫೋಟೋಗೆ ಬರಲ್ಲ’ ಅನ್ನಬೇಡಿ, ಪ್ಲೀಸ್!

‘ಅಮ್ಮಾ, ಇದು ನಾನಾ?’

ಏಳನೇ ಹುಟ್ಟುಹಬ್ಬದ ಫೋಟೋ ನೋಡಿ ನನ್ನ ಮಗಳು ಕೇಳಿದ ಪ್ರಶ್ನೆ ಇದು. ಮೊಬೈಲಿನ ಬ್ಯೂಟಿ ಮೋಡ್ ಅವಳ ಮುಖವನ್ನು ಮೈದಾ ಹಿಟ್ಟಿನ ಉಂಡೆ ಥರ ಮಾಡಿಬಿಟ್ಟಿತ್ತು. ಕೈ ಒಂದು ಬಣ್ಣ, ಮುಖ ಇನ್ನೊಂದು ಬಣ್ಣ. ಅದನ್ನು ಆನ್ ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ.

ಇದಕ್ಕೊಂದು ಹಿನ್ನೆಲೆ ಇದೆ. ನನ್ನ ತವರು ತಿಪಟೂರು ಹತ್ತಿರದ ಬಿಳಿಗೆರೆ. ಬೇಸಿಗೆ ರಜೆ ಬಂತೆಂದರೆ ಮಕ್ಕಳ ಸವಾರಿ ಅಜ್ಜಿ ಮನೆಗೇ. ತೆಂಗಿನ ತೋಟ ಅಂದಮೇಲೆ ಫೋಟೋ ಇಲ್ಲದಿದ್ದರೆ ಹೇಗೆ? ಒಂದು ಮಟಮಟ ಮಧ್ಯಾಹ್ನ ಅಕ್ಕನ ಮಗಳನ್ನೂ ನನ್ನ ಮಗಳನ್ನೂ ಪಂಪ್‌ಹೌಸಿನ ಸುಣ್ಣ ಹೊಡೆದ ಗೋಡೆ ಮುಂದೆ ನಿಲ್ಲಿಸಿ ಕ್ಲಿಕ್ಕಿಸಿದೆ. ಅಕ್ಕನ ಮಗಳು ಬೆಳ್ಳಗಿದ್ದಾಳೆ, ಹೇಗೋ ಬಂದಳು. ನನ್ನ ಮಗಳದ್ದು ಹಲ್ಲು ಬಿಟ್ಟರೆ ಬೇರೇನೂ ಕಾಣಲಿಲ್ಲ. ಪಕ್ಕದಲ್ಲೇ ಇದ್ದ ದೊಡ್ಡಮ್ಮ, ‘ಪಾಪ, ಕಪ್ಪಲ್ವಾ, ಫೋಟೋಗೆ ಬರಲ್ಲ ಬಿಡು’ ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಆದರೆ ಮಗು ಕೇಳಿಸಿಕೊಂಡಿತು. ಅಲ್ಲಿಂದಾಚೆ ಫೋನ್ ಎತ್ತಿದರೆ ಸಾಕು, ನನ್ನ ಸೆರಗಿನ ಹಿಂದೆ ಬಚ್ಚಿಟ್ಟುಕೊಳ್ಳೋದು. ಅದಕ್ಕೇ ನಾನು ಆ ಬ್ಯೂಟಿ ಮೋಡಿನ ಮೊರೆ ಹೋಗಿದ್ದು.

ಕಣ್ಣು ತೆರೆಸಿದ್ದು ಚಿಕ್ಕಪ್ಪ. ರೀಲ್ ಕ್ಯಾಮೆರಾ ಕಾಲದಲ್ಲಿ ಊರಿನ ನಾಮಕರಣ, ಮುಂಜಿಗಳಿಗೆಲ್ಲ ಅವರೇ ಫೋಟೋಗ್ರಾಫರ್. ನನ್ನ ಫೋಟೋ ನೋಡಿ, ‘ತಪ್ಪು ಮಗೂದಲ್ಲ ಕಣಮ್ಮ. ಬಿಳೀ ಗೋಡೆ ಮುಂದೆ ನಿಲ್ಲಿಸಿದೀಯಲ್ಲ, ಕ್ಯಾಮೆರಾ ಪಾಪ ಏನ್ಮಾಡುತ್ತೆ?’ ಅಂದರು.

ಕ್ಯಾಮೆರಾ ತನ್ನೆದುರಿನ ಬೆಳಕನ್ನೆಲ್ಲ ಒಟ್ಟಿಗೆ ಅಳೆದು, ಅದು ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಒಂದು ಮಧ್ಯಮ ಬೂದುಬಣ್ಣಕ್ಕೆ ಬರುವ ಹಾಗೆ ಹೊಂದಿಸಿಕೊಳ್ಳುತ್ತೆ. ಹಿಂದೆ ಸುಣ್ಣದ ಗೋಡೆಯೋ ಬೆಳ್ಳನೆ ಆಕಾಶವೋ ಇದ್ದರೆ ‘ಅಯ್ಯೋ, ಬೆಳಕು ಜಾಸ್ತಿಯಾಯ್ತು’ ಅಂತ ಇಡೀ ಚಿತ್ರವನ್ನೇ ಮಬ್ಬು ಮಾಡುತ್ತೆ. ಗೋಡೆ ಬೂದಾಗುತ್ತೆ, ಜೊತೆಗೆ ಮುಖವೂ ಮುಳುಗುತ್ತೆ. ಈಗಿನ ಫೋನುಗಳು ಮುಖ ಗುರುತಿಸುತ್ತವೆ ನಿಜ, ಆದರೂ ಎಡವುತ್ತವೆ. ಎಣ್ಣೆಗಪ್ಪಿನ ಮಕ್ಕಳ ವಿಷಯದಲ್ಲಂತೂ ಎಡವೋದು ಹೆಚ್ಚು.

ಇದು ಇವತ್ತಿನ ಕಥೆಯೂ ಅಲ್ಲ. 1950ರ ದಶಕದಿಂದ ಕೊಡಾಕ್ ಕಂಪನಿ ಫೋಟೋ ಪ್ರಿಂಟ್ ಹಾಕುವ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಮಾದರಿ ಕಾರ್ಡ್ ಕಳಿಸುತ್ತಿತ್ತು. ಅದರಲ್ಲಿ ಇದ್ದಿದ್ದು ಬಿಳಿ ಹೆಂಗಸಿನ ಚಿತ್ರ. ಮೊದಲ ಕಾರ್ಡಿನಲ್ಲಿದ್ದವಳ ಹೆಸರಿನಿಂದ ಅದಕ್ಕೆ ‘ಶರ್ಲಿ ಕಾರ್ಡ್’ ಅಂತಲೇ ಹೆಸರು ಬಿತ್ತು. ಅವಳ ಮೈಬಣ್ಣ ಸರಿಯಾಗಿ ಬಂದರೆ ಎಲ್ಲವೂ ಸರಿ ಅಂತ ಲೆಕ್ಕ! ಮುಂದೆ ಕಂದು ಬಣ್ಣಗಳು ಚೆನ್ನಾಗಿ ಬರುವಂತೆ ಫಿಲ್ಮ್ ಸುಧಾರಿಸಲು ದೊಡ್ಡ ಒತ್ತಾಯ ಬಂದಿದ್ದು ಯಾರಿಂದ ಗೊತ್ತಾ? ತಮ್ಮ ಸರಕಿನ ಬಣ್ಣ ಸರಿಯಾಗಿ ಬರುತ್ತಿಲ್ಲ ಅಂತ ದೂರಿದ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಕಂಪನಿಗಳಿಂದ. ನಮ್ಮಂಥ ಮುಖಗಳಿಗಿಂತ ಮೇಜು ಕುರ್ಚಿಗಳ ಮಾತಿಗೇ ಬೆಲೆ. ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ ಎಲ್ಲ ಮೈಬಣ್ಣಗಳೂ ಸಹಜವಾಗಿ ಬರಲಿ ಅಂತ ‘ರಿಯಲ್ ಟೋನ್’ ತಂದಿದ್ದು 2021ರಲ್ಲಿ. ದುಬಾರಿ ಫೋನೇ ಬೇಕು ಅಂತೇನಿಲ್ಲ, ಕೈಯಲ್ಲಿರೋದೇ ಸಾಕು.

ಮೊದಲು ಬ್ಯೂಟಿ ಮೋಡ್ ಆಫ್ ಮಾಡಿ. ಆಮೇಲೆ ಪರದೆಯ ಮೇಲೆ ಮಗುವಿನ ಮುಖವನ್ನು ಬೆರಳಿನಿಂದ ಮುಟ್ಟಿ. ಬಹಳಷ್ಟು ಫೋನುಗಳಲ್ಲಿ ಪುಟ್ಟ ಸೂರ್ಯನ ಗುರುತು ಕಾಣುತ್ತೆ, ಅದನ್ನು ಮೇಲಕ್ಕೆ ಸರಿಸಿದರೆ ಬೆಳಕು ಏರುತ್ತೆ, ಕೆಳಗೆ ತಂದರೆ ಇಳಿಯುತ್ತೆ. ಕೆನ್ನೆ, ಹಣೆಯ ಮೇಲೆ ಹೊಳಪು ಬಿಳಿಚಿಕೊಳ್ಳುವ ಮುಂಚೆ ನಿಲ್ಲಿಸಿ. ಹಿಂದಿನ ಆಕಾಶ ಬೆಳ್ಳಗಾಯ್ತಾ? ಆಗಲಿ ಬಿಡಿ, ನಿಮಗೆ ಬೇಕಿರೋದು ಮಗು ತಾನೇ.

ತೋಟದ ನೆರಳು ನಂಬಬೇಡಿ

ನೆರಳಲ್ಲಿ ತೆಗೆದರೆ ಚೆನ್ನ ಅಂತ ಎಲ್ಲರೂ ಹೇಳ್ತಾರೆ. ಆದರೆ ತೆಂಗಿನ ಗರಿಯದ್ದು ಜರಡಿ ನೆರಳು. ಹಣೆ ಮೇಲೊಂದು ಬಿಸಿಲ ಚುಕ್ಕೆ, ಮೂಗಿನ ಮೇಲೊಂದು ಗೆರೆ, ಮಗು ಚಿರತೆಮರಿಯಂತೆ ಬರುತ್ತೆ. ಕಾಯಿ ಬಲಿತ ಮರದಡಿ ಮಕ್ಕಳನ್ನು ನಿಲ್ಲಿಸೋದು ಅಪಾಯ ಕೂಡ, ಫೋಟೋ ಗದ್ದಲದಲ್ಲಿ ನಾವು ಮೇಲೆ ನೋಡೋದೇ ಇಲ್ಲ. ಮನೆ ಜಗಲಿ ಇದಕ್ಕಿಂತ ಸಾವಿರ ಪಾಲು ವಾಸಿ. ಮೇಲೆ ಸೂರಿನ ನೆರಳು, ಎದುರಿಗೆ ಅಂಗಳದ ಬೆಳಕು. ಮಗುವನ್ನು ಜಗಲಿಯ ಅಂಚಿನಲ್ಲಿ, ಅಂಗಳಕ್ಕೆ ಮುಖ ಮಾಡಿ ಕೂರಿಸಿ. ಸಿಟಿಯಲ್ಲಾದರೆ ಅಪಾರ್ಟ್‌ಮೆಂಟಿನ ಗೇಟು, ಬಾಲ್ಕನಿ, ಬಸ್ ಸ್ಟಾಪಿನ ಸೂರು, ಎಲ್ಲವೂ ಜಗಲಿಯೇ.

ಬೇಸಿಗೆಯಲ್ಲಿ ತೋಟದಲ್ಲೇ ತೆಗೀಬೇಕು ಅಂದರೆ ಸಂಜೆ ಐದು ದಾಟಲಿ. ಸೂರ್ಯ ಮಗುವಿನ ಬೆನ್ನಿಗಿದ್ದರೆ ಕೂದಲಂಚು ಬಂಗಾರದ ಹಾಗೆ ಹೊಳೆಯುತ್ತೆ, ಮುಖಕ್ಕೆ ಮಾತ್ರ ಬೆಳಕು ಸಾಲದು. ಚಿಕ್ಕಪ್ಪ ಅದಕ್ಕೆ ಅಪ್ಪನ ಬಿಳೀ ಪಂಚೆಯನ್ನೇ ಇಬ್ಬರ ಕೈಲಿ ಹಿಡಿಸಿ, ಮುಖದ ಎದುರಿಗೆ, ಚಿತ್ರದಲ್ಲಿ ಕಾಣದಷ್ಟು ದೂರದಲ್ಲಿ ನಿಲ್ಲಿಸಿದರು. ಬೆಳಕು ಅದಕ್ಕೆ ಬಡಿದು ಮುಖಕ್ಕೆ ವಾಪಸ್ ಬಂತು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು! ಒಂದು ಎಚ್ಚರಿಕೆ, ಪಂಚೆ ಬದಲು ಬಣ್ಣದ ಸೀರೆ ಹಿಡಿದರೆ ಆ ಬಣ್ಣವೇ ಕೆನ್ನೆಗೆ ಹತ್ತುತ್ತೆ. ಬಾಳೆಗಿಡದ ಪಕ್ಕ ನಿಂತರೂ ಅಷ್ಟೇ, ಮುಖ ಹಸಿರು ಹಸಿರು.

ಬೆಳ್ಳಗಿರುವ ಮಗು, ಕಪ್ಪಗಿರುವ ಮಗು ಒಟ್ಟಿಗಿದ್ದರೆ ಕಪ್ಪಗಿರುವ ಮಗುವನ್ನು ಬೆಳಕಿನ ಕಡೆಗೆ ನಿಲ್ಲಿಸಿ. ನಾನು ಮಾಡಿದ್ದು ಇದರ ಉಲ್ಟಾ.

ಮಂಡಿ ಬಗ್ಗಿಸಿ

ನಾವು ನಿಂತಲ್ಲಿಂದಲೇ ತೆಗೆದರೆ ಮಕ್ಕಳು ದೊಡ್ಡ ತಲೆ, ಮೋಟು ಕಾಲಿನ ಗೊಂಬೆಗಳಾಗುತ್ತಾರೆ. ಮಂಡಿಯೂರಿ, ಫೋನು ಮಗುವಿನ ಕಣ್ಣಿನ ಮಟ್ಟಕ್ಕೆ ಬರಲಿ. ತೀರಾ ಹತ್ತಿರ ಹೋದರೆ ಮೂಗು ದಪ್ಪಗಾಗುತ್ತೆ, ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಒತ್ತಿ. ಇಡೀ ತೆಂಗಿನ ಮರವೂ ಬರಬೇಕು, ಮಗುವೂ ಬರಬೇಕು ಅಂದರೆ ಮಗು ಇರುವೆಯಾಗುತ್ತೆ. ಕಾಂಡದ ಒಂದು ತುಂಡು ಚಿತ್ರದ ಅಂಚಿನಲ್ಲಿ ಇರಲಿ ಸಾಕು, ನೆತ್ತಿಯಿಂದ ಮರ ಮೊಳೆತ ಹಾಗೆ ಮಾತ್ರ ಬೇಡ. ಮಗು ನೋಡುತ್ತಿರುವ ಕಡೆ ಒಂದಿಷ್ಟು ಖಾಲಿ ಜಾಗ ಬಿಡಿ. ಮಣಿಕಟ್ಟು, ಪಾದ ಕತ್ತರಿಸಬೇಡಿ.

ಇನ್ನು ‘ಸ್ಮೈಲ್ ಮಾಡು’ ಅಂತ ಗದರಿಸೋದು ಬಿಟ್ಟುಬಿಡಿ. ನನ್ನ ಮಗಳಿಗೆ ಚಿಕ್ಕಪ್ಪ ತೆಂಗಿನ ಗರಿ ಸುತ್ತಿ ಪೀಪಿ ಮಾಡಿಕೊಟ್ಟರು. ಜಗಲಿಯಲ್ಲಿ ಕೂತು ಊದಿದಳು, ಸದ್ದು ಬರಲಿಲ್ಲ, ಮತ್ತೆ ಊದಿದಳು. ಬಂತು! ಆಗ ನಾನು ಕ್ಲಿಕ್ಕಿಸಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಫೋನ್ ಕಿತ್ತುಕೊಂಡು ನೋಡಿ, ‘ಹಲ್ಲು ಬಿದ್ದಿರೋದು ಕಾಣ್ತಿದೆ’ ಅಂದಳು. ಡಿಲೀಟ್ ಮಾಡು ಅನ್ನಲಿಲ್ಲ.

ಪ್ರಿಂಟ್ ಹಾಕಿಸಲು ಹೋದರೆ ಸ್ಟುಡಿಯೋ ಹುಡುಗ, ‘ಮೇಡಂ, ಮುಖ ಸ್ವಲ್ಪ ಫೇರ್ ಮಾಡ್ಲಾ?’ ಅಂದ. ಬೇಡ ಅಂದೆ. ಇನ್ನೊಂದು ಸಲ ಕೇಳಿದ. ಇದ್ದ ಹಾಗೇ ಇರಲಿ ಅಂದೆ. ಎರಡು ಕಾಪಿ ಹಾಕಿಸಿದ್ದೆ, ಒಂದು ಈಗ ದೊಡ್ಡಮ್ಮನ ಮನೆ ಟಿ.ವಿ. ಮೇಲಿದೆ.