ಮನೆಯ ನಕ್ಷತ್ರ ಗೋದಲಿಯ ದಾರಿ ತೋರಲಿ

ನವೆಂಬರ್ ತಿಂಗಳು ಮುಗಿಯುವ ಮೊದಲೇ ನಮ್ಮ ಪೇಟೆಗಳಲ್ಲಿ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ಬೇಕರಿಗಳ ಗಾಜಿನ ಕಪಾಟುಗಳಲ್ಲಿ ಪ್ಲಮ್ ಕೇಕುಗಳು ಸಾಲುಗಟ್ಟುತ್ತವೆ. ಅಂಗಡಿಯ ಬಾಗಿಲಲ್ಲಿ ಕೆಂಪು ನಿಲುವಂಗಿಯ ಕ್ರಿಸ್ಮಸ್ ತಾತ ನಗುತ್ತ ನಿಲ್ಲುತ್ತಾನೆ. ಅದೇ ದಿನಗಳಲ್ಲಿ ದೇವಾಲಯದೊಳಗೆ ಗುರುಗಳು ಆಗಮನ ಕಾಲದ ನೇರಳೆ ಬಣ್ಣದ ಪೂಜಾವಸ್ತ್ರವನ್ನು ಧರಿಸುತ್ತಾರೆ. ಭಾನುವಾರದ ಬಲಿಪೂಜೆಯಲ್ಲಿ ಮಹಿಮಾಗೀತೆ ಕೇಳಿಬರುವುದಿಲ್ಲ. ಹೊರಗೆ ಹಬ್ಬ ಆರಂಭವಾಗಿಬಿಟ್ಟಿರುತ್ತದೆ. ಒಳಗೆ ಧರ್ಮಸಭೆ ಇನ್ನೂ ಕಾಯುತ್ತಿರುತ್ತದೆ. ಈ ಎರಡು ಪಂಚಾಂಗಗಳ ನಡುವೆ ನಮ್ಮ ಕುಟುಂಬಗಳು ಯಾವುದನ್ನು ಅನುಸರಿಸಬೇಕು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಕೇಕು, ನಕ್ಷತ್ರ, ತಾತ ಇವೆಲ್ಲ ಲೌಕಿಕವಾದುವು, ಇವುಗಳನ್ನು ದೂರವಿಡಬೇಕು ಎಂಬುದು ಒಂದು. ಮಧ್ಯರಾತ್ರಿಯ ಬಲಿಪೂಜೆಗೆ ಹೋಗಿ ಬಂದರಾಯಿತು, ಉಳಿದದ್ದು ಅವರವರ ಇಷ್ಟ ಎಂಬುದು ಇನ್ನೊಂದು. ಇವೆರಡೂ ನಮಗೆ ಸಮಾಧಾನ ತರುವುದಿಲ್ಲ.

ಮೊದಲನೆಯ ಮಾರ್ಗವನ್ನು ಹಿಡಿದವರ ಕತೆಯೊಂದು ಫ್ರಾನ್ಸ್ ದೇಶದ ದಿಜೋನ್ ನಗರದಲ್ಲಿದೆ. 1951ರ ಡಿಸೆಂಬರ್ 23ರಂದು ಅಲ್ಲಿನ ಪ್ರಧಾನಾಲಯದ ಮುಂದೆ, ಧರ್ಮೋಪದೇಶ ತರಗತಿಯ ನೂರಾರು ಮಕ್ಕಳ ಕಣ್ಣೆದುರಿನಲ್ಲಿ, ಕ್ರಿಸ್ಮಸ್ ತಾತನ ಪ್ರತಿಕೃತಿಯನ್ನು ಸುಡಲಾಯಿತು. ಹಬ್ಬವನ್ನು ಅನ್ಯಮಯಗೊಳಿಸಿದನೆಂಬುದು ಅವನ ಮೇಲಿದ್ದ ಆರೋಪ. ಆಗ ನಗರದ ಮೇಯರ್ ಆಗಿದ್ದವರು ಸ್ವತಃ ಗುರುಗಳಾದ ಫೆಲಿಕ್ಸ್ ಕೀರ್. ಮರುದಿನ ಸಂಜೆ ನಗರಸಭೆಯ ಚಾವಣಿಯ ಮೇಲೆ ತಾತ ಮತ್ತೆ ಪ್ರತ್ಯಕ್ಷನಾದ! ಮಾನವಶಾಸ್ತ್ರಜ್ಞ ಕ್ಲೋದ್ ಲೆವಿಸ್ಟ್ರಾಸ್ ಈ ಪ್ರಸಂಗದ ಬಗ್ಗೆ 1952ರಲ್ಲಿ ಪ್ರಬಂಧವನ್ನೇ ಬರೆದರು. ಸುಡುವುದರಿಂದ ಸಂಪ್ರದಾಯಗಳು ಸಾಯುವುದಿಲ್ಲ. ಮಕ್ಕಳ ಮನಸ್ಸು ನೋಯುತ್ತದೆ, ಅಷ್ಟೇ.

ಅಷ್ಟಕ್ಕೂ ಈ ತಾತ ಹುಟ್ಟಿನಿಂದ ಪರಕೀಯನೇ? ಅವನ ಮೂಲಪುರುಷರು 4ನೆಯ ಶತಮಾನದ ಸಂತ ನಿಕೋಲಾಸರು. ಇಂದಿನ ಟರ್ಕಿಯಲ್ಲಿರುವ ಮೈರಾ ಪಟ್ಟಣದ ಧರ್ಮಾಧ್ಯಕ್ಷರು. ಮದುವೆ ಮಾಡಲು ಗತಿಯಿಲ್ಲದ ಬಡ ತಂದೆಯ ಮೂವರು ಹೆಣ್ಣುಮಕ್ಕಳಿಗಾಗಿ ರಾತ್ರಿಯ ವೇಳೆ, ಯಾರಿಗೂ ತಿಳಿಯದಂತೆ, ಹೊನ್ನಿನ ಗಂಟನ್ನು ಮನೆಯೊಳಗೆ ಎಸೆದು ಹೋದರೆಂದು ಅವರ ಕುರಿತು ಐತಿಹ್ಯವಿದೆ. ಡಿಸೆಂಬರ್ 6 ಅವರ ಹಬ್ಬ. ಡಚ್ಚರ ನಾಡಿನಲ್ಲಿ ಅವರ ಹೆಸರು ಸಿಂಟರ್‌ಕ್ಲಾಸ್ ಎಂದಾಗಿ, ಅಮೆರಿಕದಲ್ಲಿ ಸಾಂತಾ ಕ್ಲಾಸ್ ಎಂದು ಮಾರ್ಪಟ್ಟಿತು. 1931ರಿಂದ ತಂಪು ಪಾನೀಯದ ಜಾಹೀರಾತುಗಳು ಅವನ ಇಂದಿನ ರೂಪವನ್ನು ಮನೆಮನೆಗೂ ಮುಟ್ಟಿಸಿದವು. ಗುಟ್ಟಾಗಿ ಬಡವರಿಗೆ ಕೊಟ್ಟ ಸಂತ, ಕೊಳ್ಳಬಲ್ಲವರನ್ನು ಅಂಗಡಿಗೆ ಕರೆಯುವ ತಾತನಾದುದು ಹೀಗೆ. ಆದ್ದರಿಂದ ಮಕ್ಕಳಿಗೆ ತಾತನನ್ನು ನಿಷೇಧಿಸುವುದಕ್ಕಿಂತ ಸಂತ ನಿಕೋಲಾಸರ ಕತೆಯನ್ನು ಹೇಳುವುದು ಮೇಲಲ್ಲವೇ?

ಗೋದಲಿಯ ಚರಿತ್ರೆಯೂ ಇದಕ್ಕೆ ಪೂರಕವಾಗಿದೆ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಗ್ರಾಮದಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿಯನ್ನೂ ಎತ್ತು ಕತ್ತೆಗಳನ್ನೂ ತರಿಸಿ, ಅಲ್ಲಿಯೇ ಬಲಿಪೂಜೆ ನಡೆಯುವಂತೆ ಮಾಡಿದರು. ಕೊಟ್ಟಿಗೆಯ ಹುಲ್ಲು, ಹಳ್ಳಿಗರ ಪಂಜುಗಳು ಇವೆಲ್ಲ ಲೌಕಿಕ ವಸ್ತುಗಳೇ. ಆದರೆ ಅಂದು ಅವು ಬಲಿಪೀಠದ ಸುತ್ತ ನೆರೆದಿದ್ದವು. ದಿವಂಗತ ಜಗದ್ಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಲ್ಲಿ ಗೋದಲಿಯ ಅರ್ಥದ ಬಗ್ಗೆ ಪತ್ರವೊಂದಕ್ಕೆ ಸಹಿ ಹಾಕಿ, ಮನೆಗಳಲ್ಲಿ ಗೋದಲಿ ಕಟ್ಟುವ ಸಂಪ್ರದಾಯವನ್ನು ಪ್ರೋತ್ಸಾಹಿಸಿದರು. ಸಂತ ಪೇತ್ರರ ಚೌಕದಲ್ಲಿ ಕ್ರಿಸ್ಮಸ್ ಮರವನ್ನು ನಿಲ್ಲಿಸುವ ಪರಿಪಾಠ 1982ರಲ್ಲಿ ಎರಡನೆಯ ಜಾನ್ ಪೌಲರ ಕಾಲದಲ್ಲಿ ಆರಂಭವಾಯಿತು. ಮರ ಅಲ್ಲಿ ಗೋದಲಿಯ ಪಕ್ಕದಲ್ಲಿ ನಿಲ್ಲುತ್ತದೆ. ಅದರ ಸ್ಥಾನದಲ್ಲಿ ಅಲ್ಲ.

ನಮ್ಮ ಕರಾವಳಿಯ ಕುಸ್ವಾರ್ ಕೂಡ ಇದೇ ಪಾಠವನ್ನು ಹೇಳುತ್ತದೆ. ಕಿಡಿಯೊ, ಗುಳಿಯೊ, ನೆವ್ರಿ, ತುಕ್ಡಿ, ಎಳ್ಳಿನ ಉಂಡೆ ಇವು ಯಾವುವೂ ಧರ್ಮಗ್ರಂಥದಿಂದ ಬಂದುವಲ್ಲ. ನೆವ್ರಿ ನಮ್ಮ ಹಿಂದೂ ನೆರೆಯವರ ಮನೆಯ ಕರ್ಜಿಕಾಯಿಯ ಒಡಹುಟ್ಟು. ಬಯಲುಸೀಮೆಯ ಕ್ರೈಸ್ತ ಮನೆಗಳಲ್ಲಿಯೂ ಕರ್ಜಿಕಾಯಿ, ಚಕ್ಕುಲಿಗಳೇ ಹಬ್ಬದ ತಿಂಡಿ. ಆದರೆ ಮನೆಮಂದಿಯೆಲ್ಲ ಸುತ್ತ ಕುಳಿತು ಮಾಡಿದ ಆ ತಿಂಡಿ ತಟ್ಟೆಯಲ್ಲಿ ತುಂಬಿ ನೆರೆಮನೆಯ ಹೊಸ್ತಿಲನ್ನು ದಾಟಿದಾಗ ಅದು ಶುಭಸಂದೇಶದ ಮೌನ ಸಾಕ್ಷಿಯಾಗುತ್ತದೆ.

ಹಾಗಾದರೆ ಅಪಾಯವಿರುವುದೆಲ್ಲಿ? ನಮ್ಮ ಅಭಿಪ್ರಾಯದಲ್ಲಿ ಅದು ಎರಡು ಕಡೆ ಇದೆ. ಒಂದು, ನಾವು ಕಾಯುವುದನ್ನು ಮರೆಯುತ್ತಿದ್ದೇವೆ. ಆಗಮನ ಕಾಲದ ನಾಲ್ಕು ಭಾನುವಾರಗಳು ಕೂಟಗಳಲ್ಲಿ, ಖರೀದಿಯಲ್ಲಿ ಕರಗಿಹೋಗುತ್ತವೆ. ಡಿಸೆಂಬರ್ 25ರ ಸಂಜೆಗೆ ಎಲ್ಲರೂ ದಣಿದಿರುತ್ತಾರೆ. ಹಬ್ಬ ಆಗಷ್ಟೇ ಆರಂಭವಾಗಿದೆ, ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೂ ಅದು ಮುಂದುವರಿಯುತ್ತದೆ ಎಂಬುದು ಎಷ್ಟು ಮಕ್ಕಳಿಗೆ ತಿಳಿದಿದೆ?

ಎರಡನೆಯದು ಇನ್ನೂ ಗಂಭೀರವಾದುದು. ಹೊಸ ಬಟ್ಟೆ, ದೀಪಾಲಂಕಾರ, ಉಡುಗೊರೆಗಳ ಪೈಪೋಟಿ ಬೆಳೆದಂತೆ, ನಮ್ಮದೇ ಧರ್ಮಕೇಂದ್ರದ ಬಡ ಕುಟುಂಬಗಳು ಹಬ್ಬಕ್ಕಾಗಿ ಸಾಲ ಮಾಡುತ್ತವೆ. ಸಾಲವೂ ಹುಟ್ಟದಿದ್ದರೆ ನಾಚಿಕೆಯಿಂದ ಬಾಗಿಲು ಮುಚ್ಚಿಕೊಳ್ಳುತ್ತವೆ. ಛತ್ರದಲ್ಲಿ ಸ್ಥಳ ದೊರೆಯದ ದಂಪತಿಗಳ ಕೂಸನ್ನು ಗೋದಲಿಯಲ್ಲಿ ಮಲಗಿಸಿದುದರ ನೆನಪಿಗಾಗಿ ನಾವು ಆಚರಿಸುವ ಹಬ್ಬ, ಬಡವರು ತಲೆತಗ್ಗಿಸುವ ಹಬ್ಬವಾದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಬೇರೊಂದಿಲ್ಲ. ಅಂಥ ಹಬ್ಬದ ಬಾಗಿಲಲ್ಲಿ ಜೋಸೆಫರೂ ಮರಿಯಮ್ಮನವರೂ ಮತ್ತೊಮ್ಮೆ ಹೊರಗೇ ಉಳಿಯುತ್ತಾರೆ.

ಆದುದರಿಂದ ಪ್ರತಿಯೊಂದು ಸಂಪ್ರದಾಯವನ್ನೂ ಎರಡೇ ಪ್ರಶ್ನೆಗಳಿಂದ ಒರೆಗೆ ಹಚ್ಚೋಣ: ಇದು ನಮ್ಮನ್ನು ಪ್ರಭುವಿಗಾಗಿ ಕಾಯುವಂತೆ ಮಾಡುತ್ತದೆಯೇ? ಇದು ಇಲ್ಲದವರ ಬಾಗಿಲಿಗೆ ನಮ್ಮನ್ನು ಕರೆದೊಯ್ಯುತ್ತದೆಯೇ? ಹೌದೆಂದಾದರೆ ಅದು ಎಲ್ಲಿಂದಲೇ ಬಂದಿರಲಿ, ನಮ್ಮದೇ.

ಇದಕ್ಕೆ ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಗೋದಲಿಯನ್ನು ಮೊದಲೇ ಕಟ್ಟಿದರೂ 24ರ ರಾತ್ರಿಯವರೆಗೆ ಬಾಲಯೇಸುವಿನ ಜಾಗವನ್ನು ಬರಿದಾಗಿಯೇ ಇಡೋಣ. ಬಲಿಪೂಜೆಯಿಂದ ಬಂದ ಮೇಲೆ ಮನೆಯ ಅತಿ ಚಿಕ್ಕ ಮಗುವಿನ ಕೈಯಿಂದ ಆ ಮೂರ್ತಿಯನ್ನು ಅಲ್ಲಿರಿಸೋಣ. ಗೋದಲಿಯ ಗದ್ದೆಗಾಗಿ ಬತ್ತವನ್ನೋ ರಾಗಿಯನ್ನೋ ಮಕ್ಕಳೇ ಬಿತ್ತಿ ದಿನವೂ ನೀರೆರೆದು ಮೊಳಕೆಗಾಗಿ ಕಾಯಲಿ. ಆಗಮನ ಕಾಲದ ಅರ್ಥ ಅವರಿಗೆ ಪ್ರಬೋಧನೆಯಿಲ್ಲದೆಯೇ ತಿಳಿಯುತ್ತದೆ. ನಕ್ಷತ್ರದ ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ಸೇರಿ ಜಪಮಾಲೆಯ ಒಂದು ದಶಕವನ್ನಾದರೂ ಹೇಳೋಣ. ತಿಂಡಿಯ ಮೊದಲ ತಟ್ಟೆ ಆ ವರ್ಷ ಸಾವು ಕಂಡ ಮನೆಗೆ, ರೋಗಿಯಿರುವ ಮನೆಗೆ, ಮರಳಿ ಏನನ್ನೂ ಕೊಡಲಾರದ ಮನೆಗೆ ಹೋಗಲಿ. ಔತಣಕ್ಕೆ ಯಾರನ್ನು ಕರೆಯಬೇಕೆಂಬುದರ ಬಗ್ಗೆ ಪ್ರಭು ಯೇಸು ಹೇಳಿದುದನ್ನು ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಹಬ್ಬದ ಮುನ್ನ ಒಮ್ಮೆ ಓದೋಣ.

ಮೂಡಣದ ಜ್ಞಾನಿಗಳಿಗೆ ನಕ್ಷತ್ರ ಬಹು ಸುಂದರವಾಗಿ ಕಂಡಿರಬೇಕು. ಆದರೂ ಅವರು ಅದನ್ನು ನೋಡುತ್ತ ದಾರಿಯಲ್ಲೇ ನಿಲ್ಲಲಿಲ್ಲ. ಅದು ತೋರಿದ ಮನೆಯೊಳಗೆ ಹೋಗಿ ಮಗುವಿಗೆ ಸಾಷ್ಟಾಂಗವೆರಗಿದರು. ನಮ್ಮ ಅಂಗಳದ ನಕ್ಷತ್ರವೂ ನಮ್ಮನ್ನು ಅಲ್ಲಿಯವರೆಗೆ ನಡೆಸಲಿ. ಕ್ರಿಸ್ತಜಯಂತಿಯ ಶಾಂತಿ ಎಲ್ಲ ಕುಟುಂಬಗಳ ಮೇಲಿರಲಿ.